ಮಳೆ, ಪಾರ್ಕು, ಹಳ್ಳ: ಯಾವ ಕ್ಯಾಮೆರಾ ಹಿಡಿದು ಯಾವ ಹೊತ್ತಿಗೆ ಹೊರಡಬೇಕು?

ಮುಂಗಾರು ಹತ್ತಿರ ಬಂದಂತೆ ಒಂದೇ ಪ್ರಶ್ನೆ ನಾನಾ ರೂಪದಲ್ಲಿ ಬರುತ್ತದೆ. ಫೋನ್ ಸಾಕಾ, ಕ್ಯಾಮೆರಾ ಬೇಕಾ? ಮನೆಯಲ್ಲಿರುವ ಹಳೇ ಡಿಎಸ್‌ಎಲ್‌ಆರ್‌ಗೆ ಪ್ಲಾಸ್ಟಿಕ್ ಸುತ್ತಿಕೊಂಡು ಹೋದರೆ ಆಗುತ್ತಾ? ನೀರಲ್ಲಿ ಮುಳುಗಿದರೂ ಕೆಡದ ಪುಟ್ಟ ಕ್ಯಾಮೆರಾ ತಗೊಳ್ಳಲಾ, ಇಲ್ಲ ಇನ್ನೊಂದು ವರ್ಷ ಕಾದು ದೊಡ್ಡದನ್ನೇ ತಗೊಳ್ಳಲಾ?

ಇವಕ್ಕೆ ಉತ್ತರ ಹೇಳುವ ಮೊದಲು ನಾನು ಒಂದು ಮಾತು ಕೇಳುತ್ತೇನೆ. ನೀವು ಮಳೆ ಸುರಿಯುವಾಗಲೇ ಹೊರಗೆ ಇರುತ್ತೀರಾ, ಅಥವಾ ಮಳೆ ನಿಂತ ಮೇಲೆ ಹೊರಡುತ್ತೀರಾ? ಯಾವ ಕ್ಯಾಮೆರಾ ಅನ್ನುವುದರ ಅರ್ಧ ಉತ್ತರ ಇದರಲ್ಲೇ ಇದೆ. ತುಂಬ ಜನ ಇದನ್ನು ಯೋಚಿಸದೆ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಬೇಕಿಲ್ಲದ ಕಡೆ ದುಡ್ಡು ಹೋಗುತ್ತದೆ, ಬೇಕಿದ್ದ ಕಡೆ ಉಳಿಯುವುದಿಲ್ಲ.

ಆಯ್ಕೆಯೇ ಇಲ್ಲದ ವಿಷಯ

ಗುಡುಗು ಕೇಳುತ್ತಿರುವಾಗ ಮರದ ಕೆಳಗೆ, ಬಯಲಲ್ಲಿ, ಬಂಡೆ ಮೇಲೆ, ಕೆರೆ ಏರಿಯ ಮೇಲೆ ಇರಬಾರದು. ಇಲ್ಲಿ ಫೋಟೋಗಾಗಿ ವಿನಾಯಿತಿ ಇಲ್ಲ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ದೂರ ಬರಲು ಸುಮಾರು 3 ಸೆಕೆಂಡ್ ಬೇಕು. 30 ಸೆಕೆಂಡ್ ಎಣಿಸುವುದರೊಳಗೆ ಗುಡುಗು ಕೇಳಿಸಿತು ಅಂದರೆ ಸಿಡಿಲು 10 ಕಿಲೋಮೀಟರ್ ಒಳಗೇ ಬಡಿದಿದೆ. ಕಟ್ಟಡದೊಳಗೋ ಕಾರಿನೊಳಗೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ 'ದಾಮಿನಿ' ಎಂಬ ಆ್ಯಪ್ ನಿಮ್ಮ ಸುತ್ತಮುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ. ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಸಿಡಿಲು ದೂರ ಹೋದ ಮೇಲೂ ಮರಗಳ ಅಪಾಯ ಇರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬೀಳುವುದು ಎಲ್ಲರಿಗೂ ಗೊತ್ತು. ಗುಲ್‌ಮೊಹರ್‌ನಂಥ ಮರಗಳ ಕೊಂಬೆ ಬೇಗ ಮುರಿಯುತ್ತದೆ. ಮಳೆ ನಿಂತ ಮೇಲೂ ಎಲೆಗಳಲ್ಲಿ ನೀರಿನ ಭಾರ ಇರುತ್ತದೆ, ಬುಡದ ಮಣ್ಣು ಸಡಿಲವಾಗಿರುತ್ತದೆ. ಟ್ರೈಪಾಡ್ ಇಡುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ. ಹಳ್ಳದ ವಿಷಯ ಇನ್ನೂ ಗಂಭೀರ, ಅದನ್ನು ಮುಂದೆ ಹೇಳುತ್ತೇನೆ.

ಯಾವುದನ್ನು ನೋಡಿ ತೂಗಬೇಕು?

ನಾನು ಐದು ವಿಷಯ ನೋಡುತ್ತೇನೆ. ಉಪಕರಣ ಎಷ್ಟು ನೀರು ತಡೆಯುತ್ತದೆ ಅನ್ನುವುದು ಮೊದಲನೆಯದು. ನಿಮಗೆ ಬೇಕಾದ ಚಿತ್ರ ಎಂಥದ್ದು ಅನ್ನುವುದು ಎರಡನೆಯದು: ಗಾಳಿಯಲ್ಲಿ ನಿಂತ ಹನಿಯೋ, ಹಾಲಿನಂತೆ ಹರಿಯುವ ಹಳ್ಳವೋ, ಎಲೆ ಮೇಲಿನ ಹುಳವೋ, ಮಂಜು ಕವಿದ ದಾರಿಯೋ. ಮೂರನೆಯದು, ಮಂದ ಬೆಳಕಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ. ಮಳೆಯ ದಿನ ಮರದ ಕೆಳಗೆ ಮಧ್ಯಾಹ್ನವೂ ಸಂಜೆಯಂತೆ ಇರುತ್ತದೆ, ಅಲ್ವಾ? ನಾಲ್ಕನೆಯದು, ಎಷ್ಟು ಬೇಗ ಹೊರತೆಗೆದು ಚಿತ್ರ ಹಿಡಿಯಬಹುದು. ಐದನೆಯದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ: ಮನೆಗೆ ಬಂದ ಮೇಲೆ ಅದನ್ನು ಒಣಗಿಸಿ ಕಾಪಾಡಲು ಎಷ್ಟು ಖರ್ಚು, ಎಷ್ಟು ಕೆಲಸ. ಧಾರವಾಡದವರಿಗೂ ಮಂಗಳೂರಿನವರಿಗೂ ಈ ಐದನೆಯದರಲ್ಲಿ ಉತ್ತರ ಒಂದೇ ಆಗುವುದಿಲ್ಲ.

ಯಾವ ಹೊತ್ತು?

ಮಳೆಗೆ ಮುಂಚಿನ ಹೊತ್ತು ಆಕಾಶದ ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಬಿಸಿಲು ಕಾಯುತ್ತದೆ. ಮಧ್ಯಾಹ್ನ ಮೋಡ ಕೋಟೆ ಕಟ್ಟುತ್ತದೆ. ಸಂಜೆ ಹೊತ್ತಿಗೆ ಗಾಳಿ, ಗುಡುಗು, ಒಮ್ಮೊಮ್ಮೆ ಆಲಿಕಲ್ಲು. ಕಪ್ಪು ಮೋಡದ ಮುಂದೆ ಬಿಸಿಲು ಬಿದ್ದ ಮರ ಇದ್ದರೆ ಆ ಹಸಿರು ಬೇರೆ ಯಾವಾಗಲೂ ಸಿಗುವುದಿಲ್ಲ. ಆದರೆ ಈ ಹೊತ್ತು ಅಪಾಯದ ಹೊತ್ತೂ ಹೌದು. ಮಳೆ ಶುರುವಾಗುವ ಮೊದಲೇ ಸಿಡಿಲು ಬೀಳಬಹುದು. ಲಾಲ್‌ಬಾಗ್ ಬಂಡೆ ಮೇಲೆ ಕೆಂಪೇಗೌಡ ಗೋಪುರದ ಹಿಂದೆ ಮೋಡ ಏರುವುದು ಕಣ್ಣಿಗೆ ಹಬ್ಬ. ಆದರೆ ಸಿಡಿಲಿನ ಹೊತ್ತಲ್ಲಿ ಅಷ್ಟು ಬಯಲಾದ ಎತ್ತರದಲ್ಲಿ ನಿಲ್ಲುವ ಹಾಗಿಲ್ಲ. ಆ ಚಿತ್ರವನ್ನು ಕೆಳಗಿನಿಂದ, ಗುಡುಗು ಶುರುವಾಗುವ ಮುಂಚೆ ತೆಗೆದು ಹೊರಟುಬಿಡಿ.

ಮಳೆ ಸುರಿಯುವಾಗ ಸಿಗುವ ಚಿತ್ರ ಕಡಿಮೆ, ಆದರೆ ಸಿಕ್ಕರೆ ಅದಕ್ಕೆ ಸಾಟಿ ಇಲ್ಲ. ಕಷ್ಟ ಏನೆಂದರೆ ಮಳೆ ಕಣ್ಣಿಗೆ ಕಂಡಷ್ಟು ಚಿತ್ರದಲ್ಲಿ ಕಾಣುವುದಿಲ್ಲ. ಬಿಳಿ ಆಕಾಶದ ಮುಂದೆ ಮಳೆ ಮಾಯ. ಕಪ್ಪಾದ ಹಿನ್ನೆಲೆ ಬೇಕು: ದಟ್ಟ ಮರ, ಗಾಢ ಬಣ್ಣದ ಗೋಡೆ, ಬಿದಿರು ಮೆಳೆಯ ಒಳಗಿನ ನೆರಳು. ಹನಿಗಳ ಹಿಂದಿನಿಂದ ಬೆಳಕು ಬರುವಂತಿದ್ದರೆ ಇನ್ನೂ ಚೆನ್ನ. ಹನಿಯನ್ನು ನಿಲ್ಲಿಸಬೇಕೆಂದರೆ ಶಟರ್ (ಬೆಳಕು ಒಳಬಿಡಲು ತೆರೆದಿರುವ ಹೊತ್ತು) 1/500 ಸೆಕೆಂಡ್ ಅಥವಾ ಅದಕ್ಕಿಂತ ವೇಗ ಇರಬೇಕು. ಗೆರೆಗೆರೆಯಾಗಿ ಸುರಿಯುವಂತೆ ಕಾಣಬೇಕೆಂದರೆ 1/30ರಿಂದ 1/60 ಸಾಕು. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಗ್ರಂಥಾಲಯದ ಕೆಂಪು ಗೋಡೆ ಮಳೆಯಲ್ಲಿ ನೆನೆದಾಗ ಅದರ ಮುಂದೆ ಹಸಿರು ಕೊಂಬೆ, ಕೊಡೆ ಹಿಡಿದವರು, ಎಲ್ಲ ಎದ್ದು ಕಾಣುತ್ತದೆ. ಜೋರು ಮಳೆಯಾದರೆ ಯಾವುದಾದರೂ ಕಟ್ಟಡದ ಸೂರಿನಡಿ ನಿಂತು ತೆಗೆಯಿರಿ. ಆಗ ಕ್ಯಾಮೆರಾ ಎಂಥದ್ದು ಅನ್ನುವುದೇ ಮುಖ್ಯವಾಗುವುದಿಲ್ಲ.

ಮಳೆ ನಿಂತ ಮೊದಲ ಒಂದು ಗಂಟೆ ಇದೆಯಲ್ಲ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಶ್ರೀಮಂತ ಹೊತ್ತು. ಧೂಳು ತೊಳೆದುಹೋಗಿರುತ್ತದೆ. ತೊಗಟೆ ಕಪ್ಪಾಗಿರುತ್ತದೆ, ಪಾಚಿ ಹೊಳೆಯುತ್ತದೆ. ದಾರಿಯ ತುಂಬ ಗುಲ್‌ಮೊಹರ್ ಪಕಳೆ, ಹೊಂಗೆ ಹೂ. ಗುಂಡಿಗಳಲ್ಲಿ ನಿಂತ ನೀರಲ್ಲಿ ಮರಗಳ ನೆರಳು. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ತಗ್ಗುಗಳಲ್ಲಿ ನಿಂತ ನೀರಲ್ಲಿ ಆಕಾಶ ಬಿದ್ದಾಗ ನಗರದ ನಡುವೆ ಇದ್ದೀರಿ ಅನ್ನುವುದೇ ಮರೆಯುತ್ತದೆ. ಸಿಡಿಲಿನ ಅರ್ಧ ಗಂಟೆ ಕಳೆದ ಮೇಲೆ ಹತ್ತಿ, ಜಾರುತ್ತದೆ, ಹುಷಾರು. ಸಂಜೆ ಮೋಡದ ಕೆಳಗಿನಿಂದ ಸೂರ್ಯ ಇಣುಕಿದರೆ ತಕ್ಷಣ ಬೆನ್ನು ತಿರುಗಿಸಿ ಪೂರ್ವಕ್ಕೆ ನೋಡಿ. ಕಾಮನಬಿಲ್ಲು ಸೂರ್ಯನ ಎದುರು ದಿಕ್ಕಿನಲ್ಲೇ ಮೂಡುತ್ತದೆ. ಅದೂ ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಕೆಳಗಿದ್ದಾಗ ಮಾತ್ರ.

ಈ ಹೊತ್ತಿನಲ್ಲಿ ಇನ್ನೊಂದು ವಿಶೇಷ ಇದೆ. ಬೆಂಗಳೂರಿನ ಹಳೇ ರಸ್ತೆಗಳ ಮಳೆಮರ ಮೋಡ ಕವಿದಾಗ, ಸಂಜೆಯಾದಾಗ ತನ್ನ ಪುಟ್ಟ ಎಲೆಗಳನ್ನು ಮಡಚಿಕೊಳ್ಳುತ್ತದೆ. ದಿನಾ ದಟ್ಟವಾಗಿ ಕಾಣುವ ಕೊಡೆಯಂಥ ಮರ ಆಗ ತೆಳುವಾಗುತ್ತದೆ, ಕೊಂಬೆಗಳ ಹರಹು ಪೂರ್ತಿ ಕಾಣುತ್ತದೆ. ಮರದ ಆಕಾರವನ್ನೇ ತೆಗೆಯಬೇಕೆನ್ನುವವರಿಗೆ ಇದು ಒಳ್ಳೆಯ ಅವಕಾಶ.

ಮರುದಿನ ಬೆಳಗ್ಗೆ ಬೇರೆ ಲೋಕ. ಗಾಳಿ ಇಲ್ಲ, ಹನಿಗಳು ಜೇಡರಬಲೆಯಲ್ಲಿ ಹಾಗೇ ಇರುತ್ತವೆ, ಕೆರೆ ಮೇಲೆ ಮಂಜು ಇರಬಹುದು. ಮೈಸೂರಿನ ಕುಕ್ಕರಹಳ್ಳಿ ಕೆರೆ, ಧಾರವಾಡದ ಸಾಧನಕೇರಿ, ಇಂಥ ಕಡೆ ಬೆಳಗಿನ ವಾಕಿಂಗ್ ಹೊತ್ತಲ್ಲೇ ಕೆಲಸ ಆಗುತ್ತದೆ. ಇಲ್ಲಿ ಉಪಕರಣಕ್ಕೆ ನೀರಿನ ಭಯವೇ ಇಲ್ಲ.

ನಾಲ್ಕು ಹೊತ್ತಿನಲ್ಲಿ ನೀರು ತಡೆಯುವ ಕ್ಯಾಮೆರಾ ನಿಜವಾಗಿ ಬೇಕಾಗುವುದು ಒಂದಕ್ಕೆ ಮಾತ್ರ, ಸುರಿಯುವ ಮಳೆಗೆ. ಮಳೆ ನಿಂತ ಮೇಲೆ ಹೊರಡುವವರು ಅದಕ್ಕೆಂದೇ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಫೋನ್

ಈಗಿನ ಎಷ್ಟೋ ಫೋನುಗಳಿಗೆ ಐಪಿ68 ಎಂಬ ಗುರುತು ಇರುತ್ತದೆ. ಧೂಳು ಒಳಗೆ ಹೋಗುವುದಿಲ್ಲ, ಕಂಪನಿ ಹೇಳಿದ ಆಳದಲ್ಲಿ, ಹೇಳಿದಷ್ಟು ಹೊತ್ತು ನೀರಲ್ಲಿದ್ದರೂ ತಡೆಯುತ್ತದೆ ಎಂದರ್ಥ. ಈ ಪರೀಕ್ಷೆ ಮಾಡುವುದು ಹೊಸ ಫೋನಿನ ಮೇಲೆ, ಶುದ್ಧ ನೀರಲ್ಲಿ. ವರ್ಷ ಕಳೆದಂತೆ ಒಳಗಿನ ಅಂಟು ಸಡಿಲವಾಗುತ್ತದೆ. ಒಮ್ಮೆ ಬಿದ್ದು ಗಾಜು ಬದಲಾಯಿಸಿದ ಫೋನಿನ ಮೇಲೆ ಆ ನಂಬಿಕೆ ಇಡಬೇಡಿ. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಐಪಿ54 ಎಂದಿದ್ದರೆ ಅದು ತುಂತುರಿಗೆ ಮಾತ್ರ.

ಫೋನಿನ ದೊಡ್ಡ ಬಲ ವೇಗ. ಜೇಬಿನಿಂದ ತೆಗೆದೆ, ಕ್ಲಿಕ್ ಮಾಡಿದೆ, ಒಳಗಿಟ್ಟೆ. ಗುಂಡಿಯ ನೀರಿಗೆ ಲೆನ್ಸ್ ತಾಗುವಷ್ಟು ಹತ್ತಿರ ತಲೆಕೆಳಗಾಗಿ ಹಿಡಿದರೆ ಬಿಂಬದ ಚಿತ್ರ ದೊಡ್ಡ ಕ್ಯಾಮೆರಾಗಿಂತ ಚೆನ್ನಾಗಿ ಬರುತ್ತದೆ. ದೊಡ್ಡ ಲೆನ್ಸನ್ನು ಅಷ್ಟು ಕೆಳಗೆ ತರಲು ಆಗುವುದೇ ಇಲ್ಲ.

ತೊಂದರೆಗಳೂ ಇವೆ. ಒದ್ದೆ ಪರದೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ವಾಲ್ಯೂಮ್ ಗುಂಡಿಯಿಂದ ಕ್ಲಿಕ್ ಮಾಡುವುದು ರೂಢಿ ಮಾಡಿಕೊಳ್ಳಿ. ಲೆನ್ಸ್ ಪುಟ್ಟದು, ಒಂದೇ ಹನಿ ಬಿದ್ದರೂ ಇಡೀ ಚಿತ್ರ ಮಬ್ಬು. ಹಳ್ಳದ ನೀರನ್ನು ನುಣುಪಾಗಿ ತೆಗೆಯುವುದರಲ್ಲಿ ಫೋನ್ ಹಿಂದೆ ಬೀಳುತ್ತದೆ. ಕಾರಣ ಸರಳ. ಫೋನಿನ ಮುಖ್ಯ ಲೆನ್ಸ್ ಎಫ್/1.8 ಆಸುಪಾಸಿನಲ್ಲಿ ಸದಾ ತೆರೆದೇ ಇರುತ್ತದೆ (ಎಫ್ ಜೊತೆಗಿನ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ಮೋಡ ಕವಿದ ದಿನ ಕಾಡಿನ ನೆರಳಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 50 ಇಟ್ಟರೂ ಶಟರ್ 1/40 ಸೆಕೆಂಡ್ ಹತ್ತಿರವೇ ನಿಲ್ಲುತ್ತದೆ. ಅದೇ ಬೆಳಕಲ್ಲಿ ಕ್ಯಾಮೆರಾವನ್ನು ಐಎಸ್‌ಒ 100, ಎಫ್/11ಕ್ಕೆ ಇಟ್ಟರೆ ಸುಮಾರು ಅರ್ಧ ಸೆಕೆಂಡ್ ಸಿಗುತ್ತದೆ. ಐಫೋನಿನ ಲೈವ್ ಫೋಟೋದಲ್ಲಿ, ಪಿಕ್ಸೆಲ್ ಫೋನಿನಲ್ಲಿ ಲಾಂಗ್ ಎಕ್ಸ್‌ಪೋಶರ್ ಎಂಬ ಆಯ್ಕೆ ಇದೆ. ಹಲವು ಚಿತ್ರ ಬೆರೆಸಿ ನೀರನ್ನು ನುಣುಪು ಮಾಡುತ್ತದೆ. ಫೋನಲ್ಲಿ ನೋಡಲು, ನಾಲ್ಕು ಜನಕ್ಕೆ ಕಳಿಸಲು ಧಾರಾಳ ಸಾಕು. ಗೋಡೆಗೆ ದೊಡ್ಡದಾಗಿ ಹಾಕುವುದಾದರೆ ಸಾಲದು.

ಫೋನಿಗೆ ಸಿಗುವ ಪ್ಲಾಸ್ಟಿಕ್ ಚೀಲ ರಕ್ಷಣೆಗೆ ಒಳ್ಳೆಯದು, ಚಿತ್ರಕ್ಕೆ ಅಲ್ಲ. ಅದರೊಳಗಿಂದ ತೆಗೆದದ್ದು ಮಂಕಾಗುತ್ತದೆ. ಫೋನ್ ನೆನೆದರೆ ಒರೆಸಿ, ಗಾಳಿಯಲ್ಲಿ ಒಣಗಲು ಬಿಡಿ, ಪೋರ್ಟ್ ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಗೆ ಹಾಕುವ ಪದ್ಧತಿ ಬೇಡ. ಅಕ್ಕಿಯ ಪುಡಿ ಒಳಗೆ ಹೋಗಿ ಇನ್ನಷ್ಟು ಹಾಳಾಗುತ್ತದೆ.

ನೀರಿಗೆ ಹೆದರದ ಪುಟ್ಟ ಕ್ಯಾಮೆರಾ

ಇದರಲ್ಲಿ ಎರಡು ಜಾತಿ. ಒಂದು, ಓಎಂ ಸಿಸ್ಟಮ್ ಕಂಪನಿಯ ಟಫ್ ಟಿಜಿ-7ನಂಥದ್ದು. 15 ಮೀಟರ್ ಆಳದವರೆಗೆ ನೀರು ತಡೆಯುತ್ತದೆ. ಲೆನ್ಸಿನಿಂದ 1 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ಎಲೆ ತುದಿಯ ಹನಿ, ಅಣಬೆಯ ಕೆಳಭಾಗ, ಪಾಚಿ ಮೇಲಿನ ಪುಟ್ಟ ಬಸವನಹುಳು, ಇಂಥವಕ್ಕೆ ಇಷ್ಟು ಸುಲಭದ ಉಪಕರಣ ಇನ್ನೊಂದಿಲ್ಲ. ಮಳೆಯಲ್ಲಿ ನೆನೆಯುತ್ತ ನಿಂತು ತೆಗೆಯಬಹುದು. ಕೆಸರಾದರೆ ನಲ್ಲಿ ಕೆಳಗೆ ತೊಳೆಯಬಹುದು.

ಬೆಲೆ ಕಡಿಮೆ ಏನಲ್ಲ. ಬೆಳಕನ್ನು ಹಿಡಿದು ಚಿತ್ರ ಮಾಡುವ ಸೆನ್ಸರ್ ಚಿಕ್ಕದು, 12 ಮೆಗಾಪಿಕ್ಸೆಲ್. ಮಳೆಗಾಲದ ಮಂದ ಬೆಳಕಿನಲ್ಲಿ ಕಾಳುಕಾಳಾಗಿ ಬರುತ್ತದೆ. ವಿಶಾಲ ದೃಶ್ಯಕ್ಕೆ ಒಳ್ಳೆಯ ಫೋನೇ ಇದಕ್ಕಿಂತ ಚೆನ್ನ. ಹಾಗಾಗಿ ಒಳ್ಳೆ ಫೋನ್ ಇರುವವರು ಹನಿ, ಹುಳ, ಅಣಬೆಯ ಹುಚ್ಚು ಇದ್ದರೆ ಮಾತ್ರ ಇದನ್ನು ತಗೊಳ್ಳಿ.

ಎರಡನೆಯ ಜಾತಿ ಗೋಪ್ರೋದಂಥ ಆ್ಯಕ್ಷನ್ ಕ್ಯಾಮೆರಾ. ಹೊರಗಿನ ಪೆಟ್ಟಿಗೆ ಇಲ್ಲದೆ 10 ಮೀಟರ್ ಆಳಕ್ಕೆ ತಡೆಯುತ್ತದೆ. ಹಳ್ಳದ ನೀರಿನ ಮಟ್ಟದಲ್ಲಿ ವಿಡಿಯೋ ಬೇಕು ಅನ್ನುವವರಿಗೆ ಇದು. ಸ್ಥಿರಚಿತ್ರವೇ ಮುಖ್ಯ ಅನ್ನುವವರಿಗೆ ನಾನು ಹೇಳುವುದಿಲ್ಲ.

ಮನೆಯಲ್ಲಿರುವ ಸಾಮಾನ್ಯ ಡಿಎಸ್‌ಎಲ್‌ಆರ್, ಮಿರರ್‌ಲೆಸ್

ಕ್ಯಾನನ್ 1500ಡಿ, ನಿಕಾನ್ ಡಿ3500 ಥರದ ಕ್ಯಾಮೆರಾಗಳು ಎಷ್ಟೋ ಮನೆಯ ಬೀರುವಿನಲ್ಲಿ ಸುಮ್ನೆ ಮಲಗಿವೆ. ಅವಕ್ಕೆ ನೀರು ತಡೆಯುವ ಸೀಲ್ ಇಲ್ಲ. ಜೊತೆಗೆ ಬಂದ 18-55 ಎಂಎಂ ಜೂಮ್ ಲೆನ್ಸಿಗೂ ಇಲ್ಲ. ಆದರೂ ಇವನ್ನು ತಳ್ಳಿಹಾಕಬೇಡಿ. ಸೆನ್ಸರ್ ಫೋನಿಗಿಂತ ತುಂಬ ದೊಡ್ಡದು, ಶಟರ್, ಅಪರ್ಚರ್ (ಲೆನ್ಸಿನ ಕಿಂಡಿ) ಎರಡೂ ನಿಮ್ಮ ಕೈಯಲ್ಲಿ, ಫಿಲ್ಟರ್ ಹಾಕಬಹುದು. ಮಳೆ ನಿಂತ ಗಂಟೆಗೂ ಮರುದಿನದ ಬೆಳಗಿಗೂ ಹಳ್ಳಕ್ಕೂ ಇದು ಸಾಕೋ ಸಾಕು.

ತುಂತುರಿನಲ್ಲೂ ತೆಗೆಯಬಹುದು, ಮಳೆಹೊದಿಕೆ ಬೇಕು ಅಷ್ಟೆ. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸಿನಷ್ಟು ತೂತು ಮಾಡಿ, ಲೆನ್ಸ್ ಹುಡ್ಡಿಗೆ (ಲೆನ್ಸಿನ ಮುಂದೆ ಸಿಕ್ಕಿಸುವ ಮರೆಗೆ) ರಬ್ಬರ್ ಬ್ಯಾಂಡ್ ಕಟ್ಟಿದರೂ ನಡೆಯುತ್ತದೆ. ಹುಡ್ ಬಿಡಬೇಡಿ. ಲೆನ್ಸಿನ ಮುಖಕ್ಕೆ ಹನಿ ಬೀಳದಂತೆ ಅದಕ್ಕಿಂತ ಚೆನ್ನಾಗಿ ತಡೆಯುವುದು ಇನ್ನೊಂದಿಲ್ಲ. ಮಳೆಯಲ್ಲಿ ಲೆನ್ಸ್ ಬದಲಾಯಿಸಬೇಡಿ. ಜೂಮ್ ಮಾಡಿದಾಗ ಮುಂದಕ್ಕೆ ಚಾಚುವ ಲೆನ್ಸ್ ಹಿಂದಕ್ಕೆ ಬರುವಾಗ ಮೈಮೇಲಿನ ತೇವವನ್ನು ಒಳಗೆಳೆದುಕೊಳ್ಳುತ್ತದೆ, ಹಾಗಾಗಿ ಪದೇ ಪದೇ ಜೂಮ್ ಬೇಡ.

ಕೊಡೆ ಹಿಡಿದರೆ ಒಂದು ಕೈ ಹೋಯಿತು. ಮಲೆನಾಡಿನಲ್ಲಿ ನಾಟಿ ಮಾಡುವವರು ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು ಎರಡೂ ಕೈ ಬಿಡುವು ಮಾಡಿಕೊಳ್ಳುತ್ತಿದ್ದ ಹಾಗೆ, ನಿಮಗೂ ಮೊದಲು ಬೇಕಾಗುವುದು ಟೋಪಿಯಿರುವ ಒಳ್ಳೆ ರೈನ್‌ಕೋಟ್. ಜೊತೆಗೆ ಯಾರಾದರೂ ಬಂದರೆ ಕೊಡೆ ಅವರ ಕೈಗೆ.

ಸೀಲ್ ಇರುವ ದೊಡ್ಡ ಕ್ಯಾಮೆರಾ

ಇಲ್ಲಿ ಜಾಹೀರಾತಿನ ಮಾತು ಜಾಸ್ತಿ. 'ವೆದರ್ ಸೀಲ್ಡ್' ಅಂದರೆ ನೀರಲ್ಲಿ ಮುಳುಗಿಸಬಹುದು ಎಂದಲ್ಲ. ಹೆಚ್ಚಿನ ಕಂಪನಿಗಳು ಎಷ್ಟು ನೀರು ತಡೆಯುತ್ತದೆ ಎಂಬ ಅಳತೆಯನ್ನೇ ಹೇಳುವುದಿಲ್ಲ. ಹೇಳಿದವರಲ್ಲಿ ಓಎಂ ಸಿಸ್ಟಮ್ ಒಂದು. ಅವರ ಓಎಂ-1 ಕ್ಯಾಮೆರಾಗೆ ಐಪಿ53 ಇದೆ, ಅದೂ ಹೊಂದುವ ಲೆನ್ಸ್ ಹಾಕಿದಾಗ. ಕೊನೆಯ 3 ಅಂದರೆ, ನೇರ ಮೇಲಿನಿಂದ ಹಿಡಿದು 60 ಡಿಗ್ರಿ ಓರೆಯವರೆಗೆ ಬೀಳುವ ನೀರಿನ ಸಿಂಪಡಿಕೆಯನ್ನು ತಡೆಯುತ್ತದೆ ಎಂದು. ಮಳೆಗೆ ಅದು ಸಾಕು. ಜಲಪಾತದ ಕೆಳಗೆ ನಿಲ್ಲಿಸಲು ಸಾಲದು.

ತುಂಬ ಜನ ಮರೆಯುವುದು ಒಂದಿದೆ. ಕ್ಯಾಮೆರಾಗೆ ಸೀಲ್ ಇದ್ದು ಲೆನ್ಸಿಗೆ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಎರಡೂ ಸೇರುವ ಜಾಗದಲ್ಲೇ ನೀರು ನುಗ್ಗುತ್ತದೆ. ಫ್ಯೂಜಿಫಿಲ್ಮ್ ಲೆನ್ಸುಗಳಲ್ಲಿ ಹೆಸರಿನ ಜೊತೆ ಡಬ್ಲ್ಯುಆರ್ ಎಂದಿದ್ದರೆ ಸೀಲ್ ಇದೆ ಎಂದು. ಬೇರೆ ಕಂಪನಿಗಳಲ್ಲಿ ಲೆನ್ಸಿನ ಹಿಂಭಾಗದ ಲೋಹದ ಸುತ್ತ ತೆಳು ರಬ್ಬರ್ ಉಂಗುರ ಇದೆಯಾ ನೋಡಿ. ಬಜೆಟ್ ಹಾಕುವಾಗ ಲೆನ್ಸನ್ನೂ ಸೇರಿಸಿ. ಮೊದಲು ನೋಡಿದ ಬೆಲೆಗಿಂತ ಮೊತ್ತ ಬಹಳ ಮೇಲಕ್ಕೆ ಹೋಗುತ್ತದೆ.

ಕಡಿಮೆ ಖರ್ಚಿನ ದಾರಿ ಬೇಕಾದರೆ ಸೆಕೆಂಡ್ ಹ್ಯಾಂಡ್ ನೋಡಿ. 2015ರಲ್ಲಿ ಬಂದ ನಿಕಾನ್ ಡಿ7200 ಸೀಲ್ ಇರುವ ಗಟ್ಟಿ ಕ್ಯಾಮೆರಾ. ಆದರೆ ಹಳೇ ಕ್ಯಾಮೆರಾದ ರಬ್ಬರ್ ಹೇಗಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಸೀಲ್ ಇದ್ದರೂ ಹೊದಿಕೆ ಹಾಕಿಯೇ ಬಳಸಿ.

ಇದು ಯಾರಿಗೆ? ಮಳೆಯಲ್ಲೇ ಗಂಟೆಗಟ್ಟಲೆ ಇರುವವರಿಗೆ. ಹಕ್ಕಿ ನೋಡುವವರು, ಆಗುಂಬೆ, ಕೊಡಗಿನ ಕಡೆ ಜೂನ್, ಜುಲೈನಲ್ಲೇ ಹೋಗುವವರು. ತಿಂಗಳಿಗೊಮ್ಮೆ ಪಾರ್ಕಿಗೆ ಹೋಗುವವರಿಗೆ ಈ ಖರ್ಚು ಬೇಡ.

ಹಳ್ಳ, ತೊರೆ

ಹಳ್ಳದ ಚಿತ್ರಕ್ಕೆ ಕ್ಯಾಮೆರಾಗಿಂತ ಹೆಚ್ಚು ಬೇಕಾದದ್ದು ತಾಳ್ಮೆ, ಟ್ರೈಪಾಡ್, ಒಂದು ಪೋಲರೈಸರ್ ಫಿಲ್ಟರ್. ನೆನೆದ ಎಲೆ, ಬಂಡೆ, ನೀರಿನ ಮೇಲ್ಮೈ ಎಲ್ಲ ಬಿಳಿ ಆಕಾಶವನ್ನು ಪ್ರತಿಫಲಿಸುತ್ತವೆ. ಅದಕ್ಕೇ ಮಳೆಯ ಹಸಿರು ಚಿತ್ರದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಪೋಲರೈಸರ್ ತಿರುಗಿಸಿದರೆ ಆ ಹೊಳಪು ಇಳಿದು ಹಸಿರು ಮರಳಿ ಬರುತ್ತದೆ, ನೀರಿನ ತಳದ ಕಲ್ಲು ಕಾಣುತ್ತದೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಇದರ ಪರಿಣಾಮ ಅತಿ ಹೆಚ್ಚು. ಎಡಿಟಿಂಗಿನಲ್ಲಿ ಇದನ್ನು ಆಮೇಲೆ ತರಲು ಆಗುವುದಿಲ್ಲ. ಇದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ). ಹಳ್ಳಕ್ಕೆ ಅದೂ ಲಾಭವೇ. ಆಗಲೇ ಹೇಳಿದ ಅರ್ಧ ಸೆಕೆಂಡ್ ಇದರಿಂದ ಒಂದು ಸೆಕೆಂಡ್ ದಾಟುತ್ತದೆ. ಕಾಡಿನ ನೆರಳಲ್ಲಿ ಬೆಳಕು ತಗ್ಗಿಸುವ ಬೇರೆ ಎನ್‌ಡಿ ಫಿಲ್ಟರ್ ಬೇಕೇ ಆಗುವುದಿಲ್ಲ. ನೀರಿಗೆ ಜೀವ ಉಳಿಯಬೇಕೆಂದರೆ 1/4 ಸೆಕೆಂಡಿನ ಸುತ್ತ ಇರಿ. ತೀರಾ ಉದ್ದವಾದರೆ ಹತ್ತಿಯಂತಾಗಿ ಹರಿವೇ ಕಾಣುವುದಿಲ್ಲ.

ಯಾವ ಹಳ್ಳ, ಯಾವ ತಿಂಗಳು? ಜೂನ್, ಜುಲೈನಲ್ಲಿ ಮಲೆನಾಡಿನ ಹಳ್ಳಗಳ ನೀರು ಕೆಂಪು ಕಂದು. ರಭಸ ಬೇಕು ಅನ್ನುವವರಿಗೆ ಅದೇ ಸರಿ, ಆದರೆ ದೂರದಿಂದ, ಸೇತುವೆಯಿಂದ ತೆಗೆಯಬೇಕು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ನೀರು ತಿಳಿಯಾಗುತ್ತದೆ, ಹರಿವು ಇನ್ನೂ ಇರುತ್ತದೆ, ಪಾಚಿ ಹಸಿರಾಗಿಯೇ ಇರುತ್ತದೆ. ಹಳ್ಳಕ್ಕೆಂದೇ ಒಂದು ಪ್ರವಾಸ ಇಟ್ಟುಕೊಳ್ಳುವುದಾದರೆ ನಾನು ಈ ಸಮಯವನ್ನೇ ಹೇಳುತ್ತೇನೆ. ಬೆಂಗಳೂರಿಗೆ ಹತ್ತಿರ ಆನೇಕಲ್ ಬಳಿಯ ಮುತ್ಯಾಲ ಮಡುವು ಇದೆ. ಮಳೆ ಚೆನ್ನಾಗಿ ಆದ ಮೇಲೆ ಹೋದರೆ ಮಾತ್ರ ನೀರು.

ನಗರದ ಒಳಗಿನ ಹೊಳೆಯ ವಿಷಯ ನೋವಿನದ್ದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತು ಎಂದು ಜನ ನಂಬುವ ವೃಷಭಾವತಿ ಇವತ್ತು ಕೊಳಚೆ ಹೊತ್ತು ಅರ್ಕಾವತಿಯನ್ನು ಸೇರುತ್ತಿದೆ. ಗಾಳಿಮಳೆಯ ನಂತರ ಅದರ, ರಾಜಕಾಲುವೆಗಳ ಚಿತ್ರ ತೆಗೆಯಲೇಬೇಕು. ನಾವು ನೀರಿಗೆ ಏನು ಮಾಡಿದ್ದೇವೆ ಎಂದು ಕಣ್ಣಿಗೆ ಕಾಣುವುದು ಆಗಲೇ. ಆದರೆ ಸೇತುವೆ ಮೇಲಿನಿಂದ, ಉದ್ದ ಲೆನ್ಸ್ ಹಾಕಿ ತೆಗೆಯಿರಿ. ಆ ನೀರಿಗೆ ಕಾಲಿಡಬೇಡಿ. ನಿಂತ ಕೊಳಕು ನೀರಿನಿಂದ ಇಲಿ ಜ್ವರ ಬರುತ್ತದೆ, ಕಾಲಲ್ಲಿ ಗಾಯ ಇದ್ದರಂತೂ ಬೇಡವೇ ಬೇಡ.

ಕಾಡಿನ ಹಳ್ಳದಲ್ಲಿ ನಿಂತಿರುವಾಗ ನಿಮ್ಮ ತಲೆ ಮೇಲೆ ಮಳೆ ಇಲ್ಲದಿದ್ದರೂ ಮೇಲ್ಗಡೆ ಸುರಿದಿದ್ದರೆ ನೀರು ದಿಢೀರ್ ಏರುತ್ತದೆ. ತಿಳಿನೀರು ಕದಡಿತು, ಎಲೆ, ಕಡ್ಡಿ ತೇಲಿ ಬರುತ್ತಿವೆ, ಸದ್ದು ಬದಲಾಯಿತು ಅಂದರೆ ಟ್ರೈಪಾಡ್ ಬಿಟ್ಟಾದರೂ ಮೇಲೆ ಹತ್ತಿ. ರಭಸದ ನೀರು ಪಾದ ಮುಳುಗಿ ಸ್ವಲ್ಪ ಮೇಲೆ ಬಂದರೂ ಸಾಕು, ದೊಡ್ಡವರನ್ನೂ ಬೀಳಿಸುತ್ತದೆ. ಚುಂಚಿಯಂಥ ಜಲಪಾತಗಳಲ್ಲಿ ಜನ ಮುಳುಗಿ ಸತ್ತ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಮಲೆನಾಡಿನಲ್ಲಿ ಉಂಬಳಕ್ಕೆ (ಜಿಗಣೆಗೆ) ಉದ್ದ ಕಾಲುಚೀಲ ಹಾಕಿಕೊಂಡರೆ ಆಯಿತು, ನೀರಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಮನೆಗೆ ಬಂದ ಮೇಲೆ

ಲೆನ್ಸ್ ಹಾಳಾಗುವುದು ಮಳೆಯಲ್ಲಿ ನೆನೆದದ್ದಕ್ಕಿಂತ ಒದ್ದೆ ಚೀಲದಲ್ಲಿ ಹಾಗೇ ಬಿಟ್ಟದ್ದಕ್ಕೇ ಹೆಚ್ಚು. ತೇವ ಇದ್ದಲ್ಲಿ ಗಾಜಿನ ಒಳಗೆ ಬೂಸ್ಟು ಬೆಳೆಯುತ್ತದೆ. ಒಮ್ಮೆ ಬೇರು ಬಿಟ್ಟರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಬಂದ ಕೂಡಲೇ ಹಳೇ ಹತ್ತಿ ಪಂಚೆಯಿಂದ ಹೊರಮೈ ಒರೆಸಿ, ಲೆನ್ಸಿಗೆ ಮಾತ್ರ ಮೈಕ್ರೋಫೈಬರ್ ಬಟ್ಟೆ. ಬ್ಯಾಟರಿ, ಕಾರ್ಡ್ ತೆಗೆದು ಫ್ಯಾನ್ ಗಾಳಿಗೆ ಇಡಿ. ಹೇರ್ ಡ್ರೈಯರ್ ಬೇಡ.

ಎಸಿ ಕಾರಿನಿಂದ ಹೊರಗೆ ತೆಗೆದಾಗ ಲೆನ್ಸ್ ಮಂಜಾಗುವುದೂ ಉಂಟು. ತಣ್ಣನೆ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿ ಹಾಗಾಗುತ್ತದೆ. ಇಳಿಯುವ ಸ್ವಲ್ಪ ಮೊದಲು ಎಸಿ ಆರಿಸಿ ಕಿಟಕಿ ತೆಗೆಯಿರಿ. ಅಥವಾ ಕ್ಯಾಮೆರಾವನ್ನು ಜಿಪ್ ಲಾಕ್ ಚೀಲದಲ್ಲಿಟ್ಟು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಇದ್ದರೆ ನಡೆಯುತ್ತದೆ. ಜೆಲ್ ಬಣ್ಣ ಬದಲಾದಾಗ ಮತ್ತೆ ಒಣಗಿಸಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಅದು ತಡೆಯುವುದಿಲ್ಲ. ತೇವಾಂಶವನ್ನು ಶೇಕಡಾ 40ರಿಂದ 50ರಲ್ಲಿ ಇಡುವ ಕರೆಂಟಿನ ಡ್ರೈ ಕ್ಯಾಬಿನೆಟ್ ಬೇಕು.

ಹಾಗಾದರೆ ಯಾರಿಗೆ ಯಾವುದು?

ಐದು ಸಾವಿರದೊಳಗೆ ಮುಗಿಸಬೇಕು, ಒಳ್ಳೆ ಫೋನ್ ಇದೆ ಅನ್ನುವವರು ಹೊಸ ಕ್ಯಾಮೆರಾ ಯೋಚನೆ ಬಿಡಿ. ರೈನ್‌ಕೋಟ್, ಮೈಕ್ರೋಫೈಬರ್ ಬಟ್ಟೆ, ಫೋನ್ ಹಿಡಿಯುವ ಪುಟ್ಟ ಟ್ರೈಪಾಡ್ ತಗೊಳ್ಳಿ. ಮಳೆ ನಿಂತ ಗಂಟೆಗೆ ಪಾರ್ಕಿನಲ್ಲಿರಿ.

ಬೀರುವಿನಲ್ಲಿ ಹಳೇ ಡಿಎಸ್‌ಎಲ್‌ಆರ್ ಇರುವವರಿಗೆ ನನ್ನ ಸಲಹೆ ಗಟ್ಟಿಯಾಗಿದೆ: ಅದನ್ನು ಮಾರಬೇಡಿ. ಪೋಲರೈಸರ್, ಮಳೆಹೊದಿಕೆ, ಗಟ್ಟಿ ಟ್ರೈಪಾಡ್ ಸೇರಿಸಿ. ಹಳ್ಳದ ಚಿತ್ರದಲ್ಲಿ ಈ ಮೂರು ತರುವ ವ್ಯತ್ಯಾಸವನ್ನು ಹೊಸ ಕ್ಯಾಮೆರಾ ಒಂದೇ ತರುವುದಿಲ್ಲ.

ಮಕ್ಕಳ ಜೊತೆ ಹೋಗುವವರು, ಹನಿ, ಹುಳದ ಚಿತ್ರ ಇಷ್ಟಪಡುವವರು ನೀರಿಗೆ ಹೆದರದ ಪುಟ್ಟ ಕ್ಯಾಮೆರಾ ನೋಡಬಹುದು. ಮಗುವಿನ ಕೈಗೆ ನಿಶ್ಚಿಂತೆಯಿಂದ ಕೊಡಬಹುದು ಅನ್ನುವುದೇ ಅದರ ದೊಡ್ಡ ಗುಣ.

ಕರಾವಳಿ, ಮಲೆನಾಡಿನವರು ಯಾವ ಲೆನ್ಸ್ ಕೊಳ್ಳುವ ಮುಂಚೆಯೂ ಡ್ರೈ ಕ್ಯಾಬಿನೆಟ್ಟಿಗೆ ದುಡ್ಡು ತೆಗೆದಿಡಿ. ಬಾಕಿ ಉಳಿದದ್ದರಲ್ಲಿ ಕ್ಯಾಮೆರಾ.

ಸುರಿವ ಮಳೆಯೇ ಬೇಕು, ದುಡ್ಡೂ ಇದೆ ಅನ್ನುವವರು ಸೀಲ್ ಇರುವ ಕ್ಯಾಮೆರಾ, ಸೀಲ್ ಇರುವ ಒಂದೇ ಒಂದು ಲೆನ್ಸ್ ತಗೊಳ್ಳಿ. ಎರಡನೇ ಲೆನ್ಸ್ ಮುಂದಿನ ವರ್ಷಕ್ಕಿರಲಿ. ಇನ್ನೂ ಅನುಮಾನ ಇದ್ದರೆ ಕೊಳ್ಳುವ ಮೊದಲು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಬಾಡಿಗೆ ಅಂಗಡಿಗಳಿವೆ. ನೀರು ಹೋಗಿ ಕೆಟ್ಟರೆ ಯಾರ ಜವಾಬ್ದಾರಿ ಎಂಬುದನ್ನು ಮಾತ್ರ ಮೊದಲೇ ಕೇಳಿ ಬರೆಸಿಕೊಳ್ಳಿ.